ಕಲ್ಲಾಂಗ್‌ನ ಕೂಗು, ಪಸ್ಕದ ಹತ್ತು ಹನಿ

ಕಲ್ಲಾಂಗ್‌ನ ಹಳೆಯ ವಿಮಾನ ನಿಲ್ದಾಣದ ಕಟ್ಟಡ ಇಂದಿಗೂ ನಿಂತಿದೆ. 1956ರ ಮಾರ್ಚ್ 18ರಂದು ಅಲ್ಲಿ ‘ಮೆರ್ಡೆಕಾ’ ಎಂಬ ಕೂಗು ಮುಗಿಲು ಮುಟ್ಟಿತ್ತು. ಮಲಯ ಭಾಷೆಯಲ್ಲಿ ಹಾಗೆಂದರೆ ಸ್ವಾತಂತ್ರ್ಯ. ಸಭೆಯ ನಾಯಕರು ಸಿಂಗಪುರದ ಮೊದಲ ಮುಖ್ಯಮಂತ್ರಿ ಡೇವಿಡ್ ಮಾರ್ಷಲ್. ಬಾಗ್ದಾದ್ ಮೂಲದ ಯಹೂದಿ ಮನೆತನದವರು; ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಾಳಾಗಿ ಹೊಕ್ಕೈಡೋದಲ್ಲಿ ಬಿಟ್ಟಿ ದುಡಿದವರು. ಭೇಟಿಗೆ ಬಂದಿದ್ದ ಬ್ರಿಟಿಷ್ ಸಂಸದರಿಗೆ ಜನರ ಬಯಕೆಯನ್ನು ತೋರಿಸಬೇಕಿದ್ದ ಆ ಸಭೆ ಗಲಭೆಯಲ್ಲಿ ಮುಗಿಯಿತು.

ಎಂಟು ದಿನಕ್ಕೆ ಪಸ್ಕ ಹಬ್ಬ ಬಂತು. ಈಜಿಪ್ಟಿನ ದಾಸ್ಯದಿಂದ ಪೂರ್ವಜರು ಪಾರಾದ ಕಥೆಯನ್ನು ಯಹೂದಿಗಳು ಆ ರಾತ್ರಿ ಊಟಕ್ಕೆ ಕೂತು ಮಕ್ಕಳಿಗೆ ಹೇಳುತ್ತಾರೆ. ಜನರನ್ನು ನಡೆಸಿಕೊಂಡು ಹೋದ ಮೋಶೆ ಮಾತ್ರ ವಾಗ್ದತ್ತ ದೇಶಕ್ಕೆ ಕಾಲಿಡಲಿಲ್ಲ. ಮಾರ್ಷಲ್ ಅವರ ಪಾಡೂ ಹಾಗೆಯೇ ಆಯಿತು. ಲಂಡನ್ ಮಾತುಕತೆ ಮುರಿದುಬಿತ್ತು. ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. 1959ರಲ್ಲಿ ಸ್ವಯಮಾಡಳಿತ ಬಂದಾಗ ಅಧಿಕಾರ ಬೇರೆಯವರ ಕೈಯಲ್ಲಿತ್ತು.

ಆದರೆ ಅಧಿಕಾರ ಬಿಟ್ಟ ವರ್ಷವೇ ಅವರು ಚೀನಾಕ್ಕೆ ಹೋಗಿ, ಶಾಂಘೈನಲ್ಲಿ ಸಿಕ್ಕಿಕೊಂಡಿದ್ದ ರಷ್ಯನ್ ಯಹೂದಿಗಳ ಪರವಾಗಿ ಪ್ರಧಾನಿ ಚೌ ಎನ್‌ಲೈ ಅವರೊಡನೆ ಮಾತನಾಡಿದರು. ನೂರಾರು ಜನಕ್ಕೆ ಹೊರಡುವ ದಾರಿ ತೆರೆಯಿತು. ಅದೂ ಒಂದು ವಿಮೋಚನಕಾಂಡವೇ.

ಪಸ್ಕದ ರಾತ್ರಿ ಈಜಿಪ್ಟಿಗೆ ತಗುಲಿದ ಹತ್ತು ಪಿಡುಗುಗಳನ್ನು ಹೆಸರಿಸುವಾಗ, ಒಂದೊಂದಕ್ಕೂ ಬಟ್ಟಲಿನಿಂದ ಒಂದು ಹನಿ ದ್ರಾಕ್ಷಾರಸ ತೆಗೆಯುತ್ತಾರೆ. ಎದುರಾಳಿಯೂ ನೊಂದಿದ್ದಾನೆ, ನಮ್ಮ ಸಂತೋಷ ತುಂಬಿ ತುಳುಕಬಾರದು ಎಂಬುದು ಅದಕ್ಕೆ ಅನೇಕರು ಹೇಳುವ ಅರ್ಥ. ಗಾಜಾದಲ್ಲೂ ಇಸ್ರೇಲಿನಲ್ಲೂ ಮಕ್ಕಳನ್ನು ಕಳೆದುಕೊಂಡ ಮನೆಗಳಿರುವ ಈ ಕಾಲದಲ್ಲಿ ಆ ಹತ್ತು ಹನಿ ನೆನಪಾಗುತ್ತದೆ. ತನ್ನ ಬಿಡುಗಡೆಯ ಕಥೆಯಲ್ಲಿ ಇನ್ನೊಬ್ಬರ ಕಣ್ಣೀರಿಗೂ ಜಾಗ ಬಿಟ್ಟ ಹಬ್ಬವಿದು. ಶಾಂತಿ ಮೊಳೆಯುವುದಾದರೆ ಆ ಜಾಗದಲ್ಲೇ.