ಮಾರ್ಕೆಟ್ ಯಾರ್ಡಿನ ಕ್ಯಾಸೆಟ್ ಖಾತೆ

ಡಿಸೆಂಬರ್ ಬಂತೆಂದರೆ ಪುಣೆಯಲ್ಲಿರುವ ನಮ್ಮ ಕಡೆಯವರು ಸಿಕ್ಕಾಗ ಕೇಳುವ ಪ್ರಶ್ನೆ ಒಂದೇ. "ಏನ್ರಿ, ಸವಾಯಿಗೆ ಹೊಂಟೀರೇನು?" ಸವಾಯಿ ಅಂದರೆ ಸವಾಯಿ ಗಂಧರ್ವ ಮಹೋತ್ಸವ. ನಮ್ಮ ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ರಾಮಭಾವು (ಅವರೇ ಸವಾಯಿ ಗಂಧರ್ವ) ತೀರಿಕೊಂಡ ಮರುವರ್ಷ, 1953ರಲ್ಲಿ, ಇಲ್ಲಿ ಶುರು ಮಾಡಿದ್ದು. ಹಲವು ವರ್ಷ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. 2018ರಲ್ಲಿ ಮುಕುಂದನಗರಕ್ಕೆ ಬಂತು. ಮಾರ್ಕೆಟ್ ಯಾರ್ಡಿನ ನಮ್ಮ ಮನೆಯಿಂದ ನಡೆದುಕೊಂಡೇ ಹೋಗಬಹುದು. ಎಷ್ಟೋ ವರ್ಷ ಬಸ್ಸು ಹತ್ತಿ ಸಂಗೀತ ಕೇಳಲು ಹೋದವನ ಬಾಗಿಲಿಗೇ ಸಂಗೀತ ಬಂದ ಹಾಗಾಯಿತು. ಆದರೆ ಈಗ ಮೊಣಕಾಲು ಕೇಳಬೇಕಲ್ಲ :-)

ಆ ಮಹೋತ್ಸವದ ಒಂದು ಪದ್ಧತಿ ನನಗೆ ಬಹಳ ಇಷ್ಟ. ಎಷ್ಟೇ ದೊಡ್ಡವರು ಹಾಡಿರಲಿ, ಎಲ್ಲ ಮುಗಿದ ಮೇಲೆ ಕಡೆಗೆ ಸವಾಯಿ ಗಂಧರ್ವರ ಹಳೆಯ ಭೈರವಿಯ ರೆಕಾರ್ಡು ಹಾಕುತ್ತಾರೆ. ಕರಕರ ಸದ್ದಿನ ಕೆಲವೇ ನಿಮಿಷದ ಧ್ವನಿ. ಅಷ್ಟು ಸಾವಿರ ಜನ ಸದ್ದಿಲ್ಲದೆ ಕೇಳಿ ಎದ್ದು ಹೋಗುತ್ತಾರೆ.

ಕೆಲವೇ ನಿಮಿಷ ಅಂದೆನಲ್ಲ, ಇಡೀ ಕಥೆ ಇರುವುದೇ ಅಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುದ್ರಿಸಿದಾಗಿನಿಂದ ಹಿಡಿದು ಲಾಂಗ್ ಪ್ಲೇ ತಟ್ಟೆಗಳು ಬರುವವರೆಗೂ ಹಾಡುವವರಿಗೆ ಒಂದು ಮಗ್ಗುಲಿಗೆ ಸಿಕ್ಕಿದ್ದು ಮೂರು ಮೂರೂವರೆ ನಿಮಿಷ. ಖ್ಯಾಲ್ ಎಂಬುದು ನಿಧಾನಕ್ಕೆ ಕುದಿಯುವ ಅಡುಗೆ. ಒಂದು ರಾಗಕ್ಕೆ ಒಂದು ಗಂಟೆ ಹಿಡಿಯುವವರು ಮೂರು ನಿಮಿಷದಲ್ಲಿ ಏನು ಹಾಡಿಯಾರು? ಲಾಂಗ್ ಪ್ಲೇ ಬಂದ ಮೇಲೂ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಅಷ್ಟೇ. ಅದೂ ಸ್ಟುಡಿಯೋದಲ್ಲಿ, ಎದುರಿಗೆ "ಕ್ಯಾ ಬಾತ್ ಹೈ" ಅನ್ನುವವರು ಯಾರೂ ಇಲ್ಲದೆ. 1952ರಲ್ಲಿ ಆಕಾಶವಾಣಿಯವರು ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರು ಮಾಡಿ ಒಂದಿಷ್ಟು ಉಪಕಾರ ಮಾಡಿದರು. ಆದರೂ ಒಬ್ಬ ಗಾಯಕ ಮನೆಯ ಪಡಸಾಲೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ತನಗೆ ತಿಳಿದ ನಾಲ್ವರ ಎದುರು ಕೂತು ಹಾಡಿದ್ದನ್ನು ಉಳಿಸಿದ್ದು ಯಾವ ಕಂಪನಿಯೂ ಅಲ್ಲ. ಮೂರನೇ ಸಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಕೇಳುಗ. ವಕೀಲ, ಡಾಕ್ಟರು, ಮಾಸ್ತರು, ಕಿರಾಣಿ ಅಂಗಡಿಯವರು. ಮೊದಲು ಗ್ರುಂಡಿಗ್, ಅಕಾಯ್‌ಗಳಂಥ ಭಾರದ ಸ್ಪೂಲ್ ಯಂತ್ರ. ಆಮೇಲೆ, ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮಲ್ಲೂ ಹಬ್ಬಿದ ಮೇಲೆ, ಗಲ್ಫಿನಿಂದ ಯಾರಾದರೂ ತಂದ ಟು-ಇನ್-ಒನ್.

ನನಗೆ ಇದರ ಹುಚ್ಚು ಹಿಡಿದಿದ್ದಕ್ಕೆ ಕಾರಣ ಇದೆ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಪಾಸಾಗಿ, ನಾನು ಮಾರ್ಕೆಟ್ ಯಾರ್ಡಿನ ಶಾಖೆಗೆ ಬಂದದ್ದು 1992ರ ನವೆಂಬರಿನಲ್ಲಿ. ಆ ಹೊತ್ತಿಗೆ ಬಸವರಾಜ ರಾಜಗುರು ಹೋಗಿ ವರ್ಷ ದಾಟಿತ್ತು. ಕುಮಾರ ಗಂಧರ್ವರು ಅದೇ ಜನವರಿಯಲ್ಲಿ, ಮಲ್ಲಿಕಾರ್ಜುನ ಮನ್ಸೂರರು ಸೆಪ್ಟೆಂಬರ್ 12ಕ್ಕೆ ತೀರಿಕೊಂಡಿದ್ದರು. ಧಾರವಾಡದ ಮಗ್ಗುಲಲ್ಲೇ ಇಪ್ಪತ್ತನಾಲ್ಕು ವರ್ಷ ಇದ್ದು ಕ್ರಿಕೆಟ್ ನೋಡುತ್ತಾ ಕಾಲ ಕಳೆದವನು ನಾನು. ಕಿವಿ ತೆರೆಯುವ ಹೊತ್ತಿಗೆ ಹಾಡುವವರು ಎದ್ದು ಹೋಗಿದ್ದರು. ಉಳಿದದ್ದು ಟೇಪು.

ಸೋದರಮಾವ ಧಾರವಾಡದಲ್ಲಿ ಮಾಸ್ತರರಾಗಿದ್ದರು. ಎಂಬತ್ತರ ದಶಕದಲ್ಲಿ ಒಬ್ಬರ ಮನೆಯಲ್ಲಿ ಮನ್ಸೂರರು ಹಾಡಿದ್ದನ್ನು ಅವರೇ ಕೂತು ತುಂಬಿಸಿಕೊಂಡಿದ್ದರು. ನಾನು ಪುಣೆಗೆ ಹೊರಡುವಾಗ ಎರಡು ಕ್ಯಾಸೆಟ್ಟು ಕೈಗಿಟ್ಟು, "ತಮ್ಮಾ, ಮೊದಲನೇದು ಕೆಟ್ಟೈತಿ, ಆದ್ರೂ ಇಟ್ಕೋ" ಅಂದರು. ಕೆಟ್ಟದ್ದು ಹೇಗೆಂದರೆ, ಅವರ ಮಗಳು ಅದರ ಮೇಲೆ ರೇಡಿಯೋದ ಚಿತ್ರಗೀತೆ ರೆಕಾರ್ಡ್ ಮಾಡಿಬಿಟ್ಟಿದ್ದಳು. ಶುದ್ಧ ನಟ ರಾಗದ ಕಡೆಯ ಹದಿನೈದು ನಿಮಿಷ ಮಾತ್ರ ಉಳಿದಿತ್ತು. ಎರಡನೇ ಕ್ಯಾಸೆಟ್ಟಿನ ಕೊನೆಗೆ ಒಂದು ವಚನ.

ಮಾರ್ಕೆಟ್ ಯಾರ್ಡ್ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗುಲಟೇಕಡಿಯ ಈ ಸಗಟು ಪೇಟೆಯಲ್ಲಿ ಬೆಳಗಿನ ಜಾವಕ್ಕೇ ಲಾರಿಗಳು ನಿಲ್ಲುತ್ತವೆ. ಭುಸಾರ್ ವಿಭಾಗದಲ್ಲಿ ಕಾಳು, ಬೆಲ್ಲ, ಮೆಣಸಿನಕಾಯಿ. ಬ್ಯಾಡಗಿ ಚೀಲ ಬಿಚ್ಚಿದರೆ ನಮ್ಮ ಊರಿನ ವಾಸನೆ, ಹಿಂದೆಯೇ ಸೀನು. ಅಲ್ಲಿನ ಒಂದು ಅಡತಿ ಅಂಗಡಿಯ ದಿವಾಣಜಿ (ನಮ್ಮ ಕಡೆ ಗುಮಾಸ್ತ ಅಂತೀವಲ್ಲ) ದಿನಾ ಮೂರು ಗಂಟೆಗೆ ಹಣ ಕಟ್ಟಲು ಬರುತ್ತಿದ್ದರು. ಬಿಳಿ ಟೋಪಿ, ಮರಾಠಿ ಮನುಷ್ಯ, ಆಗಲೇ ಐವತ್ತು ದಾಟಿದವರು. ಒಂದು ದಿನ ನನ್ನ ಮೇಜಿನ ಮೇಲೆ ಮಾವನ ಕ್ಯಾಸೆಟ್ಟು ಕಂಡು, ಮೇಲೆ ಬರೆದದ್ದು ಕನ್ನಡವಾದ್ದರಿಂದ ಓದಲಾಗದೆ, "ಸಾಹೇಬ್, ಯಾರದು?" ಅಂದರು. ಹೇಳಿದೆ. ಮರುದಿನ ನನ್ನನ್ನು ‘ಕಷ್ಟಾಚಿ ಭಾಕರ್’ಗೆ ಊಟಕ್ಕೆ ಕರೆದುಕೊಂಡು ಹೋದರು.

ಅವರ ಎರಡು ಕೋಣೆಯ ಮನೆಯಲ್ಲಿ ನಾಲ್ಕುನೂರಕ್ಕೂ ಮಿಕ್ಕಿ ಕ್ಯಾಸೆಟ್ಟು. ಪ್ರತಿಯೊಂದಕ್ಕೂ ಅಂಗಡಿ ಲೆಕ್ಕದ ಹಾಗೆಯೇ ಕೆಂಪು ಬಟ್ಟೆಯ ಖಾತೆಯಲ್ಲಿ ಒಂದು ಸಾಲು: ಗಾಯಕ, ರಾಗ, ಊರು, ಯಾರಿಂದ ಬಂತು, ಎಷ್ಟನೇ ಪ್ರತಿ, ಯಾರಿಗೆ ಹೋಯಿತು. ಎಷ್ಟನೇ ಪ್ರತಿ ಎಂಬುದು ಮುಖ್ಯ, ಯಾಕೆಂದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಷ್ಟೂ ಉಸ್ ಎಂಬ ಸದ್ದು ಏರುತ್ತದೆ, ತಂಬೂರಿ ಮಸುಕಾಗುತ್ತದೆ. ಇನ್ನು ಅವರ ಕಟ್ಟಳೆ. ಒಂದಕ್ಕೆ ಒಂದು. ಖಾಲಿ ಕ್ಯಾಸೆಟ್ಟು ಕೇಳಿದವರದ್ದು, ಅದೂ ಸಿ-90, ಯಾಕೆಂದರೆ ಸಿ-120ರ ಟೇಪು ತೆಳು, ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಅವಸರದ ಡಬ್ಬಿಂಗ್ ಇಲ್ಲ, ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷ ಕೂತೇ ಇಳಿಸಬೇಕು. ದುಡ್ಡು ಮುಟ್ಟುವಂತಿಲ್ಲ, ಮಾರುವವರಿಗೆ ಕೊಡುವಂತಿಲ್ಲ.

ಇಲ್ಲಿ ಅಮೆರಿಕದ ಮಾತು ಬರುತ್ತದೆ. ನನ್ನ ಮಗನಿಗೆ ರಾಕ್ ಸಂಗೀತದ ಗೀಳು. ಈ ಕಟ್ಟಳೆ ಹೇಳಿದರೆ "ಅಪ್ಪಾ, ನಿಮ್ಮ ದಿವಾಣಜಿ ಡೆಡ್‌ಹೆಡ್ ಇದ್ದಂಗೆ ಇದ್ದಾರಲ್ಲ" ಅಂದ. ಗ್ರೇಟ್‌ಫುಲ್ ಡೆಡ್ ಅನ್ನುವ ತಂಡದ ಅಭಿಮಾನಿಗಳಿಗೆ ಆ ಹೆಸರು. ಅವರೂ ಕಛೇರಿಗೆ ಹೋಗಿ ಟೇಪು ಮಾಡಿಕೊಂಡು, ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚಿಗೆ ಮಾತ್ರ ಪರಸ್ಪರ ಕಳಿಸುತ್ತಿದ್ದರು. ಮೈಕುಗಳು ಕಾಡಿನಂತೆ ಎದ್ದು ನಿಂತಾಗ, 1984ರ ಅಕ್ಟೋಬರಿನಲ್ಲಿ, ತಂಡದವರೇ ಟೇಪು ಮಾಡುವವರಿಗೆಂದು ಪ್ರತ್ಯೇಕ ಜಾಗ ಕೊಟ್ಟರು. 1977ರ ಮೇ 8ಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ನುಡಿಸಿದ್ದು ಹೀಗೆ ಕೈಯಿಂದ ಕೈಗೇ ಹೋಗಿ ಎಷ್ಟು ಹೆಸರಾಯಿತೆಂದರೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ 2011ರ ಪಟ್ಟಿಗೆ ಸೇರಿಸಿತು. ಕಂಪನಿಯ ತಟ್ಟೆಯಾಗಿ ಅದು ಹೊರಬಂದದ್ದು 2017ರಲ್ಲಿ, ನಲವತ್ತು ವರ್ಷದ ನಂತರ!

ಎಲ್ಲರೂ ಅಷ್ಟು ಧಾರಾಳಿಗಳಲ್ಲ. 1969ರಲ್ಲಿ ಬಾಬ್ ಡಿಲನ್ನನ ಹಾಡುಗಳನ್ನು ಅವನಿಗೆ ಕೇಳದೆಯೇ ‘ಗ್ರೇಟ್ ವೈಟ್ ವಂಡರ್’ ಅಂತ ತಟ್ಟೆ ಮಾಡಿ ಮಾರಿದ್ದರಿಂದ ರಾಕ್ ಲೋಕದ ಕಳ್ಳ ತಟ್ಟೆ ವ್ಯಾಪಾರ ಜೋರಾಯಿತು. ಲೆಡ್ ಜೆಪ್ಲಿನ್ ತಂಡದ ಮ್ಯಾನೇಜರನಂತೂ ಟೇಪು ಮಾಡುವವರನ್ನು ಕಂಡರೆ ಯಂತ್ರ ಒಡೆಯುವವ. ಆದರೂ ಲಾಸ್ ಏಂಜಲೀಸಿನ ಮೈಕ್ ಮಿಲಾರ್ಡ್ ಎಂಬವನು ಗಾಲಿಕುರ್ಚಿಯಲ್ಲಿ ಕೂತು, ಅದರಲ್ಲಿ ನಾಕಾಮಿಚಿ ಯಂತ್ರ ಅಡಗಿಸಿ 1977ರಲ್ಲಿ ಅವರದ್ದೇ ಕಛೇರಿ ತುಂಬಿಸಿಕೊಂಡ. ಅವನಿಗೆ ಕಾಲು ನೆಟ್ಟಗೇ ಇದ್ದವು! ಅದೇ ತಂಡದ ಇಬ್ಬರು 1972ರಲ್ಲಿ ಮುಂಬಯಿಗೆ ಬಂದು ಅಲ್ಲಿನ ವಾದಕರ ಜೊತೆ ಮುದ್ರಿಸಿದ ಎರಡು ಹಾಡುಗಳು ನಲವತ್ತು ವರ್ಷ ಕಳ್ಳ ಟೇಪುಗಳಲ್ಲೇ ತಿರುಗಾಡಿ, 2015ರಲ್ಲಿ ಅಧಿಕೃತವಾದವು. ಅಂದರೆ ಮಾರುವವನೂ ಇದ್ದಾನೆ, ಕಾಯುವವನೂ ಇದ್ದಾನೆ. ಟೇಪು ಮಾತ್ರ ಒಂದೇ.

ಇರಲಿ, ದಿವಾಣಜಿಗೆ ಬರುತ್ತೇನೆ. 1995ರ ಮಳೆಗಾಲದಲ್ಲಿ ಅವರ ಮನೆಯಲ್ಲಿ ಮನ್ಸೂರರ ಒಂದು ಶುದ್ಧ ನಟ ಕೇಳುತ್ತಿದ್ದೆ. "ಬೆಳಗಾವಿಯಿಂದ ಬಂದದ್ದು, ನಾಲ್ಕನೇ ಪ್ರತಿ" ಅಂದರು. ವಿಲಂಬಿತದ ನಡುವೆ ಒಂದು ಗೋಡೆ ಗಡಿಯಾರ ಒಂಬತ್ತು ಬಾರಿಸಿತು. ಎದೆ ಧಸಕ್ಕೆಂದಿತು. ಮಾವ ಆ ಗಡಿಯಾರದ ಕಥೆ ಎಷ್ಟೋ ಸಲ ಹೇಳಿದ್ದರು: ಎಂಟಕ್ಕೂ ಒಂಬತ್ತಕ್ಕೂ ನಡುವೆ ಪಂಡಿತರು ಸಮಕ್ಕೆ ಬಂದದ್ದು, ಕೂತವರೆಲ್ಲ ನಕ್ಕದ್ದು. ಮಾವನ ಮೊದಲ ಕ್ಯಾಸೆಟ್ಟು! ನನ್ನ ತಂಗಿ ಅಳಿಸುವುದಕ್ಕೂ ಮೊದಲು ಯಾರೋ ಇಳಿಸಿಕೊಂಡಿದ್ದರು. ಅದು ಧಾರವಾಡ, ಬೆಳಗಾವಿ ದಾಟಿ ಮೆಣಸಿನಕಾಯಿ ಪೇಟೆಗೆ ಬಂದು ಕೂತಿತ್ತು. ಆದರೆ ಅವರದ್ದರಲ್ಲಿ ವಚನ ಇರಲಿಲ್ಲ. ದಾರಿಯಲ್ಲಿ ಕನ್ನಡ ಬಾರದ ಯಾರೋ, ಜಾಗ ಉಳಿಸಲು, ಅದನ್ನು ಬಿಟ್ಟು ಬೇರೆ ಯಾರದ್ದೋ ಠುಮ್ರಿ ತುಂಬಿದ್ದರು.

ಮರು ಭಾನುವಾರ ಎರಡನ್ನೂ ಜೋಡಿಸಲು ಕೂತೆವು. ಕೂಡಲಿಲ್ಲ. ಅವರದ್ದು ಅರ್ಧ ಸ್ವರ ಮೇಲಿತ್ತು. ಯಂತ್ರದ ಸೆಲ್ಲು ಸೋತಿದ್ದಾಗ ರೆಕಾರ್ಡ್ ಮಾಡಿದರೂ, ಓಟ ಹೆಚ್ಚಿರುವ ಡೆಕ್ಕಿನಿಂದ ಇಳಿಸಿದರೂ ಹೀಗೇ ಆಗುವುದು, ಹಾಡುವವರ ಶ್ರುತಿ ಸುಳ್ಳಾಗುತ್ತದೆ. ದಿವಾಣಜಿ ಡೆಕ್ಕಿನ ಬೆನ್ನು ಬಿಚ್ಚಿ, ಮೋಟಾರಿನ ಸಣ್ಣ ತೂತಿನೊಳಗೆ ಗಡಿಯಾರ ರಿಪೇರಿಯ ಸ್ಕ್ರೂಡ್ರೈವರ್ ಇಟ್ಟು ಕೂದಲೆಳೆಯಷ್ಟು ತಿರುಗಿಸುವುದು, ನಾನು ಮಾವನ ಟೇಪಿನ ತಂಬೂರಿಗೆ ಹೋಲಿಸಿ "ಇನ್ನೂ ಸ್ವಲ್ಪ" ಅನ್ನುವುದು. ಸಂಜೆ ಆರಕ್ಕೆ ಷಡ್ಜ ಸೇರಿತು. ಕೊನೆಯ ವಚನ ಅವರು ಮೂರು ಸಲ ಹಾಕಿಸಿದರು. ಅರ್ಥ ಹೇಳು ಅಂದರು. ನನಗೆ ಬಂದ ಮರಾಠಿಯಲ್ಲಿ ಹೇಳಿದೆ, ಹರಕು ಮುರುಕು. ಖಾತೆಯಲ್ಲಿ ನನ್ನ ಹೆಸರಿಗೆ ಒಂದು ಕ್ಯಾಸೆಟ್ಟು ಜಮಾ ಆಯಿತು. ಅದಕ್ಕೆ ಬದಲು ರಾಜಗುರು ಅವರದ್ದೊಂದು ಕೊಡುತ್ತೇನೆ ಅಂದಿದ್ದರು.

ಆಮೇಲಿನದು ಬರೆಯಲು ಮನಸ್ಸಿಲ್ಲ, ಬಿಟ್ಟರೆ ಕಥೆ ಸುಳ್ಳಾಗುತ್ತದೆ. 2003ರಲ್ಲಿ ನಮ್ಮ ಶಾಖೆಯ ಒಬ್ಬರು ಊರಿಗೆ ಹೋಗುವಾಗ ಕೇಳಲೆಂದು ಆ ಜೋಡಿಸಿದ ಪ್ರತಿ ಕೇಳಿದರು. ಕೊಟ್ಟೆ. ಸಜ್ಜನರೇ. ಅವರು ಯಾರಿಗೆ ಕೊಟ್ಟರೋ, ಅವರು ಇನ್ಯಾರಿಗೋ. ಮೂರು ತಿಂಗಳಲ್ಲಿ ಅದು ಎಂಪಿ3 ಸಿಡಿಯಾಗಿ ಮಾರಾಟಕ್ಕೆ ಬಂತು. ಮುಖಪುಟದ ಮೇಲೆ ರಾಗದ ಹೆಸರೂ ತಪ್ಪು. ನನ್ನ ಪ್ರತಿಯೇ ಎಂದು ದಿವಾಣಜಿಗೆ ತಿಳಿದದ್ದು ಹೇಗೆ ಗೊತ್ತೇ? ಅವರು ಕೊಡುತ್ತಿದ್ದ ಪ್ರತಿಯೊಂದು ಕ್ಯಾಸೆಟ್ಟಿನ ಆರಂಭದಲ್ಲಿ ಖಾಲಿ ಜಾಗ ಬಿಡುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಅಳತೆ. ನನ್ನದು ಇಪ್ಪತ್ತೆರಡು ಸೆಕೆಂಡು. ಸಿಡಿ ಮಾಡಿದವ ಅದನ್ನೂ ಕತ್ತರಿಸಿರಲಿಲ್ಲ. ಒಂದು ಮಧ್ಯಾಹ್ನ ಹಣ ಕಟ್ಟಲು ಬಂದವರು ಆ ಸಿಡಿಯನ್ನು ಕೌಂಟರಿನ ಮೇಲಿಟ್ಟು, ಚಲನ್ ತೆಗೆದುಕೊಂಡು, ಏನೂ ಅನ್ನದೆ ಹೋದರು. ಮರುದಿನದಿಂದ ಅಂಗಡಿಯ ಹುಡುಗ ಬರತೊಡಗಿದ.

ಕಾನೂನು ಓದಿದೆ, ಬ್ಯಾಂಕಿನವನಲ್ಲವೇ. 1994ರ ತಿದ್ದುಪಡಿಯವರೆಗೂ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ ತಮ್ಮ ಹಾಡಿನ ಮೇಲೆ ಪ್ರತ್ಯೇಕ ಹಕ್ಕೇ ಇರಲಿಲ್ಲ. 1995ರ ಮೇ 10ಕ್ಕೆ 38ನೇ ಕಲಂ ಜಾರಿಗೆ ಬಂದು ಕಲಾವಿದರ ಹಕ್ಕು ಹುಟ್ಟಿತು. 39ನೇ ಕಲಂ ಸ್ವಂತಕ್ಕೆ, ಪಾಠಕ್ಕೆ, ಸಂಶೋಧನೆಗೆ ಮಾಡಿಕೊಂಡದ್ದಕ್ಕೆ ವಿನಾಯಿತಿ ಕೊಡುತ್ತದೆ. ಹಳೆಯ ಟೇಪು ಗೆಳೆಯರಿಗೆ ಕೊಟ್ಟದ್ದು ಎಲ್ಲಿ ಬರುತ್ತದೆ ಎಂದು ವಕೀಲರು ವಾದಿಸಲಿ. ದಿವಾಣಜಿಯ ಕಟ್ಟಳೆ ಯಾವ ಕಲಮಿಗಿಂತಲೂ ಸ್ಪಷ್ಟವಾಗಿತ್ತು, ಅದನ್ನು ಮುರಿದವನು ನಾನು. ಹೋಗಿ ಕ್ಷಮೆ ಕೇಳಬೇಕಿತ್ತು. ಇವತ್ತು ನಾಳೆ ಅನ್ನುತ್ತಾ ವರ್ಗವಾಯಿತು, ತಿರುಗಿ ಬಂದೆ, 2014ರಲ್ಲಿ ಅವರು ಹೋದರು.

2019ರಲ್ಲಿ ಅವರ ಮಗ ಫೋನ್ ಮಾಡಿದ. ಮನೆ ಖಾಲಿ ಮಾಡುತ್ತಿದ್ದೇವೆ, ರದ್ದಿಯವನು ಕ್ಯಾಸೆಟ್ಟು ಬೇಡ ಅಂದ, ಅಪ್ಪನ ಖಾತೆಯಲ್ಲಿ ನಿಮ್ಮ ಹೆಸರಿದೆ, ಒಯ್ಯುತ್ತೀರಾ? ಟೆಂಪೋದಲ್ಲಿ ತಂದೆ. ನಾಲ್ಕುನೂರ ಹನ್ನೆರಡು. ಪುಣೆಯ ಮಳೆಗೆ ಎಷ್ಟೋ ಟೇಪಿಗೆ ಬೂಷ್ಟು ಹಿಡಿದಿತ್ತು. ಒಂದೊಂದನ್ನೇ ಬಿಚ್ಚಿ, ಹೊಸ ಡಬ್ಬಿಗೆ ಹಾಕಿ, ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷ.

ಖಾತೆ ತೆರೆದು ನನ್ನ ಪುಟ ನೋಡಿದೆ. ಹೊಡೆದುಹಾಕಿರುತ್ತಾರೆ ಅಂದುಕೊಂಡಿದ್ದೆ, ಇಲ್ಲ. 2003ರ ನಂತರ ಹೊಸ ಸಾಲು ಒಂದೂ ಇಲ್ಲ, ಅಷ್ಟೇ. ಕೊನೆಯಲ್ಲಿ ಅವರ ದುಂಡು ಮೋಡಿ ಅಕ್ಷರದಲ್ಲಿ: ರಾಜಗುರು, 90 ನಿಮಿಷ, ದೇಣೆ. ಅಂದರೆ ಕೊಡಬೇಕಾದ್ದು, ಇನ್ನೂ ಬಾಕಿ.

ಪಟ್ಟಿಯಲ್ಲಿರುವ ರಾಜಗುರು ಅವರ ಕ್ಯಾಸೆಟ್ಟುಗಳಲ್ಲಿ ಇಪ್ಪತ್ತೆರಡು ಸೆಕೆಂಡಿನ ಖಾಲಿ ಜಾಗ ಇರುವುದು ಈವರೆಗೆ ಸಿಕ್ಕಿಲ್ಲ. ಚೀಟಿ ಕಿತ್ತು ಹೋದ, ಹೆಸರಿಲ್ಲದ ಕ್ಯಾಸೆಟ್ಟುಗಳು ಇನ್ನೂ ಅರವತ್ತು ಚಿಲ್ಲರೆ ಉಳಿದಿವೆ. ಭಾನುವಾರಕ್ಕೆ ಎರಡರಂತೆ ಹಾಕುತ್ತಿದ್ದೇನೆ.