ಚಾಳೀಸು ಎಂಬ ನಲವತ್ತು

ನಮ್ಮ ಕಡೆ ಹಿರಿಯರು ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಮುಂಬಯಿಗೆ ಬಂದು ಮರಾಠಿ ಕಿವಿಗೆ ಬಿದ್ದ ಮೇಲಷ್ಟೇ ಆ ಪದದ ಗುಟ್ಟು ನನಗೆ ತಿಳಿದದ್ದು. ಚಾಳೀಸ ಎಂದರೆ ನಲವತ್ತು. ಚಾಳಿಶಿ ಎಂದರೆ ನಲವತ್ತರ ವಯಸ್ಸು, ಆ ವಯಸ್ಸಿಗೆ ಬರುವ ಕನ್ನಡಕವೂ ಹೌದು.

ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತಿರದ್ದನ್ನು ನೋಡುವಾಗ ಕಣ್ಣೊಳಗಿನ ಮಸೂರ ಉಬ್ಬಬೇಕು. ನಲವತ್ತರ ಆಸುಪಾಸಿನಲ್ಲಿ ಅದರ ಮೆದುತನ ಕಡಿಮೆಯಾಗಿ ಪುಸ್ತಕದ ಅಕ್ಷರ, ಸೂಜಿಯ ಕಣ್ಣು ಮಸುಕಾಗುತ್ತವೆ. ಹೊರಗಿನಿಂದ ಒಂದು ಉಬ್ಬುಗಾಜು ಇಟ್ಟರೆ ಆ ಕೊರತೆ ತುಂಬುತ್ತದೆ. 13ನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಹುಟ್ಟಿದ ಮೊದಲ ಕನ್ನಡಕಗಳು ಇಂಥವೇ. ದೂರದ್ದು ಕಾಣದ ಸಮೀಪದೃಷ್ಟಿಯವರಿಗೆ ತಗ್ಗುಗಾಜು ಸಿಕ್ಕಿದ್ದು 15ನೆಯ ಶತಮಾನದಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆಂದು ಕೆಪ್ಲರ್ ವಿವರಿಸಿದ್ದು 1604ರಲ್ಲಿ. ಒಂದು ದಿಕ್ಕಿನ ಗೆರೆಗಳು ಮಾತ್ರ ಮಸುಕಾಗುವ ಅಸಮದೃಷ್ಟಿ ಇನ್ನೂ ಕಾಯಬೇಕಾಯಿತು. ಇಂಗ್ಲೆಂಡಿನ ಜಾರ್ಜ್ ಏರಿ 1825ರ ಹೊತ್ತಿಗೆ ತನ್ನದೇ ಕಣ್ಣಿಗೆಂದು ಸಿಲಿಂಡರ್ ಗಾಜು ಮಾಡಿಸಿಕೊಂಡ.

ಈ ಕಥೆಯಲ್ಲಿ ನಮ್ಮ ನೆಲಕ್ಕೂ ಒಂದು ಪುಟವಿದೆ. ಸೋಮನಾಥ ಕವಿಯ ಸಂಸ್ಕೃತ ‘ವ್ಯಾಸಯೋಗಿಚರಿತ’ದಲ್ಲಿ ಪುರಂದರದಾಸರ ಗುರುಗಳಾದ ವ್ಯಾಸರಾಯರು ಕನ್ನಡಕವಿಟ್ಟು ಓದುವ ಚಿತ್ರ ಬರುತ್ತದೆ. ಭಾರತದಲ್ಲಿ ಕನ್ನಡಕದ ಬಳಕೆಗೆ ಇದು ಬಹು ಹಳೆಯ ದಾಖಲೆ ಎಂದು ತೋರಿಸಿಕೊಟ್ಟವರು ಪುಣೆಯ ವಿದ್ವಾಂಸ ಪಿ. ಕೆ. ಗೋಡೆ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದಿದ್ದರು, ವಿಜಯನಗರಕ್ಕೆ ಕುದುರೆ ಮಾರುತ್ತಿದ್ದರು. ಆ ಕನ್ನಡಕವೂ ಅದೇ ದಾರಿಯಲ್ಲಿ ಬಂದಿರಬೇಕೆಂದು ನನ್ನ ಊಹೆ. ವ್ಯಾಸರಾಯರು ವೃಂದಾವನಸ್ಥರಾದದ್ದು 1539ರಲ್ಲಿ. ಇಳಿವಯಸ್ಸಿನಲ್ಲೂ ಅವರ ಓದು ನಿಲ್ಲಲಿಲ್ಲವೆಂದರೆ ಅದರಲ್ಲಿ ಎರಡು ಗಾಜುಗಳ ಪಾಲೂ ಇದೆ.

ಅಂದು ರಾಜಗುರುವಿಗೆ ಸಿಕ್ಕಿದ್ದು ಇಂದು ಮುಂಬಯಿಯ ಫುಟ್‌ಪಾತಿನಲ್ಲೂ ಸಿಗುತ್ತದೆ. ಆದರೂ ನಲವತ್ತಾಯಿತು, ಇನ್ನು ಕಣ್ಣು ಇಷ್ಟೇ ಎಂದು ಸೂಜಿ ಕೆಳಗಿಡುವವರು ಇದ್ದಾರೆ. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಇಂಥ ಕನ್ನಡಕ ಕೊಟ್ಟು ನೋಡಿದರು. ಹಾಕಿಕೊಂಡವರು ಕಿತ್ತ ಎಲೆ, ಹಾಕದವರಿಗಿಂತ ಶೇ. 20ಕ್ಕೂ ಹೆಚ್ಚು ಏರಿತ್ತೆಂದು 2018ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ.

ಧಾರಾವಿಯ ದರ್ಜಿಗೂ ನಮ್ಮೂರಿನ ಬೀಡಿ ಕಟ್ಟುವ ಅಕ್ಕನಿಗೂ ಈ ಲೆಕ್ಕ ಬೇರೆಯಲ್ಲ. ಅವರ ಪಾಲಿಗೆ ಚಾಳೀಸು ಮುಪ್ಪಿನ ಗುರುತಲ್ಲ, ದುಡಿಮೆಯ ಸಲಕರಣೆ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಒಮ್ಮೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಫುಟ್‌ಪಾತಿನ ಗಾಜು ಅಕ್ಷರ ತೋರಿಸೀತು. ಕಣ್ಣೊಳಗೆ ಸದ್ದಿಲ್ಲದೆ ಬೆಳೆಯುವ ಗ್ಲಾಕೋಮಾವನ್ನು ಹುಡುಕಲಾರದು.