ಕೊಡಗಿನ ಘಟ್ಟದ ಹಾದಿಯೂ ಪರಿಹಾರದ ನ್ಯಾಯವೂ

ರೈಲು ಹಾಯದ ಕೊಡಗಿನಲ್ಲಿ ಕಾಫಿಯ ಮೂಟೆ ಮೊದಲ್ಗೊಂಡು ಮದುವೆಯ ದಿಬ್ಬಣದವರೆಗೆ ಸಕಲವೂ ರಸ್ತೆಯನ್ನೇ ನೆಚ್ಚಿರುವುದರಿಂದ, ಸಂಪಾಜೆ, ಮಾಕುಟ್ಟ ಘಟ್ಟಗಳ ತಿರುವುಗಳಲ್ಲಿ ಸಂಭವಿಸುವ ಅಪಘಾತಗಳ ವೃತ್ತಾಂತವು ಈ ನಾಡಿನ ಚರಿತ್ರೆಯಿಂದ ಬೇರೆಯಾದುದಲ್ಲ.

ಬ್ರಿಟಿಷರ ಕಾಲದಲ್ಲಿ, ಇಂಥ ಅಪಘಾತದಲ್ಲಿ ದುಡಿಯುವವನನ್ನು ಕಳೆದುಕೊಂಡ ಕುಟುಂಬವು 1855ರ ಮಾರಕ ಅಪಘಾತಗಳ ಕಾಯಿದೆಯನ್ವಯ ಸಿವಿಲ್ ದಾವೆ ಹೂಡಿ, ಚಾಲಕನ ಅಜಾಗರೂಕತೆಯನ್ನು ಸಾಕ್ಷಿಗಳಿಂದ ಸ್ಥಾಪಿಸಿ ಡಿಕ್ರಿ ಪಡೆದರೂ, ವಾಹನದ ಒಡೆಯನು ನಿರ್ಗತಿಕನಾಗಿದ್ದರೆ ಆ ಡಿಕ್ರಿಯು ಬರಿಯ ಕಾಗದವಾಗಿಯೇ ಉಳಿಯುತ್ತಿತ್ತು. 1939ರ ಮೋಟಾರು ವಾಹನ ಕಾಯಿದೆಯು ವಿಧಿಸಿದ ಕಡ್ಡಾಯ ವಿಮೆಯು 1946ರಿಂದ ಜಾರಿಗೆ ಬಂದುದು ಆದಕಾರಣ ಮಹತ್ತರವಾದ ಸಂಗತಿ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಮೋಟಾರು ವಾಹನ ಕಾಯಿದೆಗೆ ಅದೇ ವರ್ಷ ಆದ ತಿದ್ದುಪಡಿಯು ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಕಲ್ಪಿಸಿತು. ಆದರೆ ಅರ್ಜಿಗೆ ಕೊಟ್ಟ ಅವಧಿ ಕೇವಲ 60 ದಿನ! ಕಕ್ಕಡ ತಿಂಗಳ ಮಳೆಗೆ ಹೊಳೆ ಉಕ್ಕಿ ಹಾದಿ ಕಡಿದುಹೋಗುವ ಊರಿನ ವಿಧವೆಯೊಬ್ಬಳು, ಪಂಚನಾಮೆಯ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಲಾರಿಯ ವಿಮೆಯ ವಿವರ ಇವೆಲ್ಲವನ್ನೂ ಕೂಡಿಸಿಕೊಳ್ಳುವಷ್ಟರಲ್ಲಿ ಆ ಅವಧಿ ತೀರಿಹೋಗುವುದು ಅಸಂಭವವೇನಲ್ಲ. 1969ರಲ್ಲಿ ಅವಧಿಯನ್ನು 6 ತಿಂಗಳಿಗೆ ಏರಿಸಿದರು. 1982ರಲ್ಲಿ, ತಪ್ಪು ಯಾರದೆಂದು ರುಜುವಾತುಪಡಿಸದೆಯೇ ಮರಣಕ್ಕೆ 15,000 ರೂಪಾಯಿ ದೊರೆಯುವಂತಾಯಿತು. 1994ರಲ್ಲಿ ಕಾಲಮಿತಿಯನ್ನೇ ತೆಗೆದುಹಾಕಿದುದು, ನನ್ನ ಎಣಿಕೆಯಲ್ಲಿ, ಇವೆಲ್ಲಕ್ಕಿಂತ ದಯಾಪೂರ್ಣವಾದ ಕಾರ್ಯ.

2019ರ ತಿದ್ದುಪಡಿಯ ಮೂಲಕ 6 ತಿಂಗಳ ಮಿತಿಯು 2022ರ ಏಪ್ರಿಲ್ 1ರಿಂದ ಮರಳಿ ಬಂದಿದೆ. ಆದುದರಿಂದ ನೊಂದ ಮನೆಯ ಬಂಧುಗಳೂ ನೆರೆಹೊರೆಯವರೂ ಶೋಕದ ನಡುವೆಯೇ ಕಾಗದಪತ್ರಗಳನ್ನು ಕೂಡಿಸಿ, ವಿಳಂಬವಿಲ್ಲದೆ ಅರ್ಜಿ ಸಲ್ಲಿಸಲು ನೆರವಾಗಬೇಕೆಂದು ನನ್ನ ವಿನಂತಿ.